ಸಪ್ಲೈಯರ್ ವ್ಯಾಟ್ ನುಂಗಿದರೆ ನಿಮ್ಮ ಕ್ಲೇಮ್ ಉಳಿಸಿಕೊಳ್ಳುವುದು ಹೇಗೆ?

ಬ್ರಿಟನ್‌ನಲ್ಲಿ ಹೋಲ್‌ಸೇಲ್ ವ್ಯಾಪಾರ ಮಾಡುತ್ತೀರಿ ಎಂದುಕೊಳ್ಳಿ. 1,00,000 ಪೌಂಡಿನ ತಂಪು ಪಾನೀಯ ಕೊಂಡು, ಶೇ 20ರ ಲೆಕ್ಕದಲ್ಲಿ 20,000 ಪೌಂಡ್ ವ್ಯಾಟ್ ಕೊಟ್ಟಿರಿ. ಬಿಲ್ ಇದೆ, ಸರಕೂ ಬಂದಿದೆ. ಖರೀದಿಗೆ ಕೊಟ್ಟ ಈ ವ್ಯಾಟನ್ನು ವ್ಯಾಪಾರಿ ಸರ್ಕಾರದಿಂದ ವಾಪಸ್ ಕೇಳಬಹುದು, ಕ್ಲೇಮ್ ಅಂದರೆ ಅದೇ. ಆದರೆ ಮಾರಿದವನು, ಅಥವಾ ಅವನಿಗೆ ಮಾರಿದ ಇನ್ಯಾರೋ, ಆ ತೆರಿಗೆ ಕಟ್ಟದೆ ಮಾಯವಾದ. ಈಗ ನಿಮ್ಮ 20,000 ವಾಪಸ್ ಬರುತ್ತಾ?

ಬರದೇ ಇರಬಹುದು. 2006ರ ಜುಲೈನಲ್ಲಿ ಯುರೋಪಿಯನ್ ನ್ಯಾಯಾಲಯ ಕಿಟ್ಟೆಲ್ ಪ್ರಕರಣದಲ್ಲಿ ಹೇಳಿದ್ದು ಇಷ್ಟು: ಈ ಖರೀದಿ ವ್ಯಾಟ್ ವಂಚನೆಗೆ ಸೇರಿದ್ದು ಎಂದು ನಿಮಗೆ ಗೊತ್ತಿದ್ದರೆ, ಇಲ್ಲವೇ ಗೊತ್ತಿರಬೇಕಿತ್ತು ಎಂದಾದರೆ, ಕ್ಲೇಮ್ ಇಲ್ಲ. ನಿಮಗೆ ಲಾಭ ಆಯ್ತೋ ಇಲ್ವೋ ಯಾರೂ ಕೇಳುವುದಿಲ್ಲ. ಜಗಳವೆಲ್ಲ ಆ ‘ಗೊತ್ತಿರಬೇಕಿತ್ತು’ ಎಂಬ ಮಾತಿನದೇ.

ಹಾಗಾಗಿ ಕೊಳ್ಳುವ ಮೊದಲು ಸಪ್ಲೈಯರ್‌ನ ವ್ಯಾಟ್ ನಂಬರ್ ಪರೀಕ್ಷಿಸಿ. ಯುರೋಪಿಯನ್ ಒಕ್ಕೂಟದ ನಂಬರಾದರೆ ವಿಐಇಎಸ್ ತಾಣ, ಬ್ರಿಟನ್ನಿನದಾದರೆ ಅಲ್ಲಿನ ಸರ್ಕಾರಿ ತಾಣ. ಎರಡು ನಿಮಿಷದ ಕೆಲಸ. ಆದರೆ ಇಷ್ಟಕ್ಕೇ ನಿಲ್ಲಬೇಡಿ, ಮೋಸಗಾರರ ಬಳಿಯೂ ಸರಿಯಾದ ನಂಬರ್ ಇರುತ್ತದೆ.

ಆಮೇಲೆ ಕಾಗದ ಬದಿಗಿಟ್ಟು ವ್ಯವಹಾರವನ್ನೇ ನೋಡಿ, ಜನ ಎಡವುವುದು ಇಲ್ಲೇ. ಮೊನ್ನೆ ಹುಟ್ಟಿದ ಕಂಪನಿ, ಗೋದಾಮಿಲ್ಲ, ಆದರೂ ಲಾರಿಗಟ್ಟಲೆ ಮಾಲು ಇದೆ ಅನ್ನುತ್ತಾನೆ, ಅದೂ ಮಾರುಕಟ್ಟೆಗಿಂತ ಕಡಿಮೆ ದರಕ್ಕೆ, ಜೊತೆಗೆ ಗಿರಾಕಿಯನ್ನೂ ಅವನೇ ಹುಡುಕಿ ಕೊಡುತ್ತಾನೆ! ದುಡ್ಡು ಮಾತ್ರ ಬೇರೆ ಯಾರದೋ ಖಾತೆಗೆ ಹಾಕಬೇಕಂತೆ. ಸುಮ್ನೆ ಯೋಚಿಸಿ, ಇಷ್ಟು ಸಲೀಸಾದ ಲಾಭವನ್ನು ಅವನು ನಿಮಗೇಕೆ ಬಿಟ್ಟುಕೊಡುತ್ತಾನೆ? 2010ರ ಮೊಬಿಲ್‌ಎಕ್ಸ್ ತೀರ್ಪಿನಲ್ಲಿ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯ ಹಿಡಿದದ್ದೂ ಇದನ್ನೇ: ವ್ಯವಹಾರಕ್ಕೆ ವಂಚನೆ ಬಿಟ್ಟರೆ ಬೇರೆ ಸಮಂಜಸ ಕಾರಣವೇ ಇಲ್ಲದಿದ್ದರೆ, ನಿಮಗೆ ಗೊತ್ತಿರಬೇಕಿತ್ತು ಎಂದೇ ಅರ್ಥ.

ಕೇಳಿದ ಪ್ರಶ್ನೆ, ಬಂದ ಉತ್ತರ, ಸಿಕ್ಕ ಅನುಮಾನ, ಎಲ್ಲವನ್ನೂ ತಾರೀಖು ಹಾಕಿ ಬರೆದಿಡಿ. ದುಡ್ಡು ಕೊಡುವ ಮೊದಲೇ. ಅಧಿಕಾರಿ ಬಂದ ಮೇಲೆ ಜೋಡಿಸಿದ ಫೈಲಿಗೆ ಬೆಲೆ ಕಡಿಮೆ.

ನೋಟಿಸ್ ಬಂದರೆ ಗಾಬರಿ ಬೇಡ. ನಿಮಗೆ ಗೊತ್ತಿತ್ತು ಅಥವಾ ಗೊತ್ತಿರಬೇಕಿತ್ತು ಎಂದು ಸಾಬೀತು ಮಾಡಬೇಕಾದದ್ದು ತೆರಿಗೆ ಇಲಾಖೆಯೇ. ಸಪ್ಲೈಯರ್ ತೆರಿಗೆ ಕಟ್ಟಿದನಾ ಎಂದು ಪ್ರತಿ ಸಲವೂ ನೀವೇ ಹೋಗಿ ಪರಿಶೀಲಿಸಬೇಕು ಅಂತ ಇಲಾಖೆ ಹಟ ಹಿಡಿಯುವಂತಿಲ್ಲ, ಯುರೋಪಿಯನ್ ನ್ಯಾಯಾಲಯದ 2012ರ ಮಹಾಗೆಬೆನ್ ತೀರ್ಪು ಅಷ್ಟರ ಮಟ್ಟಿಗೆ ನಿಮ್ಮ ಕಡೆಗಿದೆ. ಆದರೆ ‘ನಿಮ್ಮ ಖರೀದಿಯ ಸರಪಳಿಯಲ್ಲಿ ತೆರಿಗೆ ಸೋರಿದೆ’ ಎಂಬ ಎಚ್ಚರಿಕೆ ಪತ್ರ ಕೈಗೆ ಬಂದ ಮೇಲೂ ಅದೇ ಜಾಗದಲ್ಲಿ ಕೊಳ್ಳುತ್ತಾ ಹೋದರೆ ವಾದಿಸಲು ಜಾಸ್ತಿ ಏನೂ ಉಳಿಯುವುದಿಲ್ಲ. ಬ್ರಿಟನ್‌ನಲ್ಲಿ 2017ರಿಂದ, ತಿರಸ್ಕೃತವಾದ ವ್ಯಾಟ್‌ನ ಶೇ 30ರಷ್ಟು ದಂಡವನ್ನೂ ಅದರ ಮೇಲೆ ಹಾಕಬಹುದು.