ಮೈದನಹಳ್ಳಿಗೆ ಯಾವ ಸೆನ್ಸರ್, ದೇವರಾಯನದುರ್ಗಕ್ಕೆ ಯಾವುದು?

ಹೊಸದಾಗಿ ಪ್ರಾಣಿ, ಪಕ್ಷಿ ಫೋಟೋ ಶುರು ಮಾಡುವವರು ಮೊದಲು ಕೇಳೋದೇ ಫುಲ್ ಫ್ರೇಮ್ ಬೇಕಾ, ಎಪಿಎಸ್-ಸಿ ಸಾಕಾ ಅಂತ. ಇವೆರಡೂ ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್, ಅದರ ಅಳತೆಗಳು. ನಾನು ತಿರುಗಿ ಕೇಳೋದು ಒಂದೇ. ನೀವು ಜಾಸ್ತಿ ಹೋಗೋದು ಎಲ್ಲಿಗೆ, ಎಷ್ಟು ಹೊತ್ತಿಗೆ? ಅದು ಗೊತ್ತಾಗದೆ ಸೆನ್ಸರ್ ಆರಿಸೋಕೆ ಆಗಲ್ಲ.

ಅಳತೆ ಮೊದಲು ಹೇಳಿಬಿಡುತ್ತೇನೆ. ಫುಲ್ ಫ್ರೇಮ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಎಪಿಎಸ್-ಸಿ ಸುಮಾರು 23.5 ಮತ್ತು 15.6, ಕ್ಯಾನನ್‌ನಲ್ಲಿ ಇನ್ನೂ ಚೂರು ಚಿಕ್ಕದು. ಮೈಕ್ರೋ ಫೋರ್ ಥರ್ಡ್ಸ್ ಅನ್ನೋ ಮೂರನೇ ಬಗೆ ಇನ್ನೂ ಚಿಕ್ಕದು, 17.3 ಮತ್ತು 13.

ಕ್ರಾಪ್ ಸೆನ್ಸರ್‌ಗೆ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ಗೆ) ಹಾಕಿದರೆ 400 ಮಿ.ಮೀ. ಲೆನ್ಸ್ 600 ಆಗುತ್ತದೆ ಅಂತಾರಲ್ಲ, ಲೆನ್ಸ್ ಏನೂ ಬದಲಾಗುವುದಿಲ್ಲ. ಪ್ರಾಣಿ ಹತ್ತಿರ ಬರುವುದೂ ಇಲ್ಲ. ಲೆನ್ಸ್ ಬೀಳಿಸುವ ಚಿತ್ರ ಅಷ್ಟೇ ಇರುತ್ತದೆ, ಸೆನ್ಸರ್ ಚಿಕ್ಕದಾದ್ದರಿಂದ ಸುತ್ತಲಿನ ಅಂಚು ಹೋಗುತ್ತದೆ. ಹಾಗಾದರೆ ಲಾಭ ಎಲ್ಲಿ? ಪ್ರಾಣಿಯ ಮೇಲೆ ಎಷ್ಟು ಪಿಕ್ಸೆಲ್ ಬಿದ್ದವು ಅನ್ನೋದರಲ್ಲಿ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯನ್ನೇ ತಗೊಳ್ಳಿ. ಬಯಲು ಹುಲ್ಲುಗಾವಲು, ಮರೆ ಕಡಿಮೆ, ಕೃಷ್ಣಮೃಗ ನಮ್ಮನ್ನು ದೂರದಿಂದಲೇ ನೋಡಿಬಿಡುತ್ತದೆ. ಒಂದು ಗಂಡು 80 ಮೀಟರ್ ದೂರದಲ್ಲಿ ನಿಂತಿದೆ ಅಂತಿಟ್ಟುಕೊಳ್ಳಿ. ಭುಜದವರೆಗಿನ ಎತ್ತರ ಸುಮಾರು 80 ಸೆಂ.ಮೀ. 400 ಮಿ.ಮೀ. ಲೆನ್ಸ್‌ನಲ್ಲಿ ಅದು ಸೆನ್ಸರ್ ಮೇಲೆ ಬೀಳೋದು ಬರೀ 4 ಮಿ.ಮೀ. ಸೆನ್ಸರ್ ಯಾವುದೇ ಇರಲಿ, 4 ಮಿ.ಮೀ.ಯೇ. ಆದರೆ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್‌ನಲ್ಲಿ ಆ 4 ಮಿ.ಮೀ.ಗೆ ಸಿಗೋದು ಸುಮಾರು 670 ಪಿಕ್ಸೆಲ್, ಅಷ್ಟೇ ಮೆಗಾಪಿಕ್ಸೆಲ್‌ನ ಎಪಿಎಸ್-ಸಿಯಲ್ಲಿ ಸಾವಿರ ದಾಟುತ್ತದೆ, 20 ಮೆಗಾಪಿಕ್ಸೆಲ್ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಸಾವಿರದ ಇನ್ನೂರರ ಹತ್ತಿರ. ಕೊಂಬಿನ ಉಂಗುರಗಳು ಒಂದೊಂದಾಗಿ ಕಾಣಬೇಕು, ಕಣ್ಣಿನ ಸುತ್ತ ಇರುವ ಬಿಳಿ ಬಿಡಿಯಾಗಿ ಕಾಣಬೇಕು ಅಂದರೆ ಈ ವ್ಯತ್ಯಾಸ ಚಿಕ್ಕದಲ್ಲ. 45 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ತಗೊಂಡರೆ 920ರ ಆಸುಪಾಸು ಬರುತ್ತದೆ, ಆದರೆ ಅದರ ಬೆಲೆಯೇ ಬೇರೆ.

ಈಗ ಇನ್ನೊಂದು ಕಡೆ ನೋಡಿ. ತುಮಕೂರಿನ ಹತ್ತಿರದ ದೇವರಾಯನದುರ್ಗ ಬೆಟ್ಟದ ಕೆಳಗಿನ ದಾರಿಯಲ್ಲಿ ಒಂದು ಸಂಜೆ ಹೊತ್ತು ಮುಳುಗಿದ ಮೇಲೆ ಹೆಣ್ಣು ನವಿಲೊಂದು 15 ಮೀಟರ್ ದೂರಕ್ಕೆ ಬಂದು ನಿಂತಿತು. ನನ್ನ ಕೈಯಲ್ಲಿ ಎಪಿಎಸ್-ಸಿ, 400ರಲ್ಲಿ ಫ್ರೇಮಿಗೇ ಹಿಡಿಸಲಿಲ್ಲ. ಝೂಮ್ ಹಿಂದಕ್ಕೆ ತಂದೆ. ಎಫ್ 5.6 (ಲೆನ್ಸ್ ಬಾಯಿ ಎಷ್ಟು ತೆರೆದಿದೆ ಅನ್ನೋ ಅಳತೆ), ಶಟರ್ 1/250 ಸೆಕೆಂಡ್, ಬೆಳಕು ಸಾಲದಾಗ ಏರಿಸುವ ಐಎಸ್‌ಒ 6400. ಮನೆಗೆ ಬಂದು ನೋಡಿದರೆ ಕತ್ತಿನ ಹಸಿರೆಲ್ಲ ನಾಯ್ಸ್‌ನಲ್ಲಿ (ಕಾಳುಕಾಳಾದ ಚುಕ್ಕೆಗಳಲ್ಲಿ) ಕಲಸಿಹೋಗಿತ್ತು. ತುಂಬಾ ಬೇಜಾರಾಯಿತು. ಅಲ್ಲಿ ಫುಲ್ ಫ್ರೇಮ್ ಇದ್ದಿದ್ದರೆ 400ರಲ್ಲೇ ನವಿಲು ಪೂರ್ತಿ ಹಿಡಿಸುತ್ತಿತ್ತು, ಅದೇ ಎಫ್ 5.6ರಲ್ಲಿ ಸುಮಾರು ಎರಡೂಕಾಲು ಪಟ್ಟು ಬೆಳಕು ಸಿಗುತ್ತಿತ್ತು, ಯಾಕೆಂದರೆ ಸೆನ್ಸರ್ ವಿಸ್ತೀರ್ಣ ಅಷ್ಟು ದೊಡ್ಡದು. ಬೆಳಕು ಎರಡು ಪಟ್ಟಾದರೆ ಅದಕ್ಕೆ ಒಂದು ಸ್ಟಾಪ್ ಅಂತಾರೆ, ಇದು ಒಂದು ಸ್ಟಾಪ್‌ಗಿಂತ ಜಾಸ್ತಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಫುಲ್ ಫ್ರೇಮ್‌ನ ಈ ಲಾಭ ಪ್ರಾಣಿ ಫ್ರೇಮ್ ತುಂಬಿದರೆ ಮಾತ್ರ. ದೂರದ ಜಿಂಕೆಯನ್ನು ಫುಲ್ ಫ್ರೇಮ್‌ನಲ್ಲಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಎಪಿಎಸ್-ಸಿ ಅಳತೆಗೆ ಕತ್ತರಿಸಿದರೆ ಆ ಹೆಚ್ಚಿನ ಬೆಳಕನ್ನೂ ಕತ್ತರಿಸಿ ಎಸೆದ ಹಾಗೆ. 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯೋದು 10 ಮಾತ್ರ. ಅಷ್ಟಕ್ಕೆ ಅಷ್ಟು ದುಡ್ಡು ಯಾಕೆ, ಅಲ್ವಾ?

ಕಗ್ಗಲಡುವಿನಂಥ ಜಾಗದಲ್ಲಿ ಈ ಚರ್ಚೆಯೇ ಬೇಡ. ಶಿರಾ ತಾಲ್ಲೂಕಿನ ಆ ಊರಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಗಲು ಬೆಳಕು, ಹತ್ತಿರದ ಹಕ್ಕಿ, ಯಾವ ಸೆನ್ಸರ್ ಆದರೂ ನಡೆಯುತ್ತದೆ, 300 ಲೆನ್ಸ್ ಸಾಕು. ಮರದ ಬುಡಕ್ಕೆ ಮಾತ್ರ ಹೋಗಬೇಡಿ, ಮರಿಗಳಿರುತ್ತವೆ.

ಬಯಲಿನಲ್ಲಿ ಬಿಸಿಲು ಏರಿದ ಮೇಲೆ ನೆಲದಿಂದ ಝಳ ಏಳುತ್ತದೆ, ದೂರದ ಪ್ರಾಣಿ ನೀರಿನೊಳಗೆ ಇದ್ದಂತೆ ಅಲುಗುತ್ತದೆ. ಆಗ ಎಷ್ಟು ಪಿಕ್ಸೆಲ್ ಇದ್ದರೂ ಉಪಯೋಗವಿಲ್ಲ. ಎಷ್ಟೋ ಜನ ಫೋಕಸ್ ಸರಿಯಿಲ್ಲ ಅಂತ ಸುಮ್ನೆ ಲೆನ್ಸ್ ಬದಲಾಯಿಸಿದ್ದಾರೆ.

ತೂಕದ್ದೂ ಒಂದು ಲೆಕ್ಕ. ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗೆ ಹಾಕುವ ಒಲಿಂಪಸ್‌ನ 300 ಎಫ್ 4 ಲೆನ್ಸ್ ಒಂದೂವರೆ ಕೆ.ಜಿ. ಒಳಗೆ, ಅದರಲ್ಲಿ ಕಾಣುವಷ್ಟು ನೋಟ ಫುಲ್ ಫ್ರೇಮ್‌ನಲ್ಲಿ ಬೇಕಾದರೆ 600 ಲೆನ್ಸ್ ಹೊರಬೇಕು. ಸೋನಿಯ 200-600 ಎರಡು ಕೆ.ಜಿ. ದಾಟುತ್ತದೆ. ದಿನವಿಡೀ ನಡೆಯುವವರು ಇದನ್ನು ಲಘುವಾಗಿ ತಗೋಬೇಡಿ.

ಈಗ ನಿಮ್ಮ ಕೈಯಲ್ಲಿರುವ ಕ್ಯಾಮೆರಾದ ಕೊನೆಯ 50 ಒಳ್ಳೆ ಫೋಟೋ ತೆಗೆದು ಕೂತುಕೊಳ್ಳಿ. ಒಂದೊಂದರಲ್ಲೂ ಐಎಸ್‌ಒ ಎಷ್ಟಿತ್ತು, ಎಷ್ಟು ಕತ್ತರಿಸಿದ್ದೀರಿ ಅಂತ ಬರೆದುಕೊಳ್ಳಿ. ಹೆಚ್ಚಿನವು ಐಎಸ್‌ಒ 800ರ ಒಳಗೆ, ಆದರೆ ಅರ್ಧಕ್ಕಿಂತ ಜಾಸ್ತಿ ಕತ್ತರಿಸಿದವು ಅಂದರೆ ಎಪಿಎಸ್-ಸಿ ತಗೊಳ್ಳಿ, ಉಳಿದ ದುಡ್ಡು ಲೆನ್ಸ್‌ಗೆ ಹಾಕಿ. ಕತ್ತರಿಸಿದ್ದು ಕಡಿಮೆ, ಐಎಸ್‌ಒ ಮಾತ್ರ 3200 ಮೇಲೇ ಇದೆ ಅಂದರೆ ಫುಲ್ ಫ್ರೇಮ್ ನಿಮ್ಮದು. ನವಿಲಿನ ಬೇಜಾರು ಇದ್ದರೂ ನಾನು ಎಪಿಎಸ್-ಸಿ ಬಿಟ್ಟಿಲ್ಲ, ನನ್ನ 50ರಲ್ಲಿ 38 ಮೈದನಹಳ್ಳಿಯ ಬೆಳಗಿನ ಫೋಟೋಗಳೇ ಇದ್ದವು.