ಸೂಜಿಕಿಂತ ಮೊದ್ಲ ಚಿತ್ರ ಸೀದಾ ಆಗ್ಬೇಕು: ಕಲಬುರಗಿ ಆಪರೇಷನ್ ಥಿಯೇಟರ್ (ಓಟಿ)ದಾಗ ನನ್ನ ಅನುಭವ

ಅಫಜಲಪುರ ಕಡಿಯಿಂದ ಒಬ್ಬ ಆಯಿ ಬಂದಿದ್ಲು, ಎಪ್ಪತ್ತರ ಮ್ಯಾಲ ವಯಸ್ಸು, ಬಚ್ಚಲದಾಗ ಜಾರಿ ಬಿದ್ದು ಎಲ್-ಒನ್ ಅಂದ್ರ ಸೊಂಟದ ಮೊದಲ್ನೇ ಮಣಕಾ ಕುಸಿದಿತ್ತು. ಎರಡು ತಿಂಗಳ ಬೆಲ್ಟ್ ಗುಳಿಗಿ ಎಲ್ಲಾ ಆಗಿತ್ತು, ಆದ್ರೂ ಮಗ್ಗಲ ಬದಲ್ಸಿದ್ರ ಚೀರ್ತಿದ್ಲು, ಎಮ್‌ಆರ್‌ಐದಾಗ ಆ ಎಲುಬಿನ್ಯಾಗ ಇನ್ನಾ ನೀರು ಕಾಣ್ತಿತ್ತು ಅಂದ್ರ ಮುರಿದಿದ್ದು ಕೂಡಿಲ್ಲ. ಇಂಥಾ ಮಣಕಾದಾಗ ಸೂಜಿಲಿಂದ ಎಲುಬಿನ ಸಿಮೆಂಟ್ ತುಂಬೋದಕ್ಕ ವರ್ಟಿಬ್ರೋಪ್ಲಾಸ್ಟಿ ಅಂತಾರ, ಆದ್ರ ಎಲ್ಲರಿಗೂ ಸಿಮೆಂಟ್ ಹಾಕಲ್ಲ ನಾ. 2009ರಾಗ ಬಂದ ಎರಡು ಟ್ರಯಲ್‌ದಾಗ ವರ್ಟಿಬ್ರೋಪ್ಲಾಸ್ಟಿಗೂ, ಸಿಮೆಂಟ್ ಹಾಕದ ಬರೇ ತೋರಿಕಿ ಪ್ರೊಸೀಜರ್‌ಗೂ ನೋವಿನ್ಯಾಗ ದೊಡ್ಡ ಫರಕ್ ಕಾಣ್ಲಿಲ್ಲ, ಬಹಳ ಮಂದಿಗೆ ತಾನಾಗೇ ಕಡಿಮಿ ಆಗ್ತದ. ಈ ಆಯಿಗಿ ಆಗಿರ್ಲಿಲ್ಲ.

ಸೂಜಿಗಿ ದಾರಿ ತೋರ್ಸೋ ನ್ಯಾವಿಗೇಷನ್ ನಮ್ ಓಟಿದಾಗ ಇಲ್ಲ. ಓ-ಆರ್ಮ್ (ರೋಗಿ ಸುತ್ತ ತಿರುಗಿ 3ಡಿ ಚಿತ್ರ ತಗಿಯೋ ಎಕ್ಸ್‌ರೇ ಮಷೀನು) ಇದ್ದಲ್ಲಿ ರೋಗಿ ಎಲುಬಿಗೆ ರೆಫರೆನ್ಸ್ ಫ್ರೇಮ್ ಅನ್ನೋ ಗುರುತಿನ ಚೌಕಟ್ಟು ಕೂಡಿಸಿ, ಕ್ಯಾಮೆರಾ ಅದನ್ನೂ ಸೂಜಿನೂ ನೋಡ್ಕೋತ ತುದಿ ಎಲ್ಲದ ಅಂತ ಸ್ಕ್ರೀನ್‌ದಾಗ ತೋರಿಸ್ತದ. ನಮ್ಗ ಒಂದೇ ಸಿ-ಆರ್ಮ್ (ತಿರುಗಿಸ್ಕೋತ ಎಕ್ಸ್‌ರೇ ಚಿತ್ರ ನೋಡೋ ಮಷೀನು), ಅದ್ಕ ಚಿತ್ರ ಹೊಂದಿಸೋದ್ರಾಗೇ ನನ್ನ ಅರ್ಧ ಟೈಮ್ ಹೋಗ್ತದ, ಹೋಗ್ಲೇಬೇಕು.

ಮೊದ್ಲು ಕೆಳಗ ಬೆನ್ನೆಲುಬಿನ ಬುಡದ ಎಲುಬು ಸೇಕ್ರಮ್‌ದಿಂದ ಮಣಕಾ ಎಣಿಸ್ಕೋತ ಮ್ಯಾಲ ಬರ್ತೀನಿ, ಹನ್ನೆರಡನೇ ಪಕ್ಕೆಲುಬಿಂದ ಇನ್ನೊಮ್ಮೆ ತಾಳೆ ನೋಡ್ತೀನಿ. ಆಮ್ಯಾಲ ಎಪಿ ಚಿತ್ರದಾಗ, ಅಂದ್ರ ಬೆನ್ನಿಗಿ ನೇರ ತಗಿಯೋ ಚಿತ್ರದಾಗ, ಮಣಕಾದ ಮ್ಯಾಲಿನ ಅಂಚು ಎರಡು ಗೆರಿ ಕಾಣಬಾರ್ದು, ಒಂದೇ ಗೆರಿ ಆಗ್ಬೇಕು, ನಡುವಿನ ಮುಳ್ಳು ಎರಡೂ ಪೆಡಿಕಲ್‌ಗೆ (ಮಣಕಾದ ಹಿಂದ ಎರಡೂ ಬಾಜು ಇರೋ ಎಲುಬಿನ ಕಂಬ) ಸಮ ದೂರ ಇರ್ಬೇಕು. "ತಮ್ಮಾ, ಇನ್ನಾ ಎರಡು ಡಿಗ್ರಿ ತಲಿ ಕಡಿ" ಅಂತ ಟೆಕ್ನಿಶಿಯನ್‌ಗೆ ಎಷ್ಟು ಸಲ ಅಂದ್ರೂ ಬ್ಯಾಸರಿಲ್ದೆ ತಿರುಗಿಸ್ತಾನ.

ಇದನ್ನ ನಾ ಪೆಟ್ಟು ತಿಂದೇ ಕಲ್ತಿದ್ದು. ಹಿಂದ ಬ್ಯಾರೆ ಕಡಿ ಇದ್ದಾಗ ಅವಸರ ಮಾಡಿ ಸ್ವಲ್ಪ ತಿರುಗಿದ ಚಿತ್ರದ ಮ್ಯಾಲೇ ಸೂಜಿ ಇಳಿಸ್ಬಿಟ್ಟೆ. ಎಪಿದಾಗ ತುದಿ ಪೆಡಿಕಲ್‌ದ ಒಳಗಿನ ಅಂಚಿಗೆ ಬಂದಿತ್ತು, ಲ್ಯಾಟರಲ್ ಅಂದ್ರ ಮಗ್ಗಲಿನ ಚಿತ್ರ ತಗೊಂಡ್ರ ಮಣಕಾದ ಹಿಂದಿನ ಗ್ವಾಡಿನೇ ಇನ್ನಾ ದಾಟಿರ್ಲಿಲ್ಲ. ಅಂದ್ರ ಸೂಜಿ ನರದ ನಾಳದ ಕಡಿ ಹೊಂಟಿತ್ತು. ಎದಿ ಧಸಕ್ಕಂತು, ಹೊರಗ ತಗದು ಮೊದ್ಲಿಂದ ಮಾಡ್ದೆ, ರೋಗಿಗೆ ಏನೂ ಆಗ್ಲಿಲ್ಲ, ಆದ್ರ ಆ ಚಿತ್ರ ಇನ್ನಾ ಕಣ್ಣಾಗದ. ಅವತ್ತಿಂದ ಹಿಂದಿನ ಗ್ವಾಡಿ ದಾಟೋತನಕ ತುದಿ ಒಳ ಅಂಚಿಗೆ ಮುಟ್ಟಬಾರ್ದು, ಇದೊಂದು ಬಿಡಲ್ಲ.

ಆಯಿಗಿ ಬೋರಲ ಮಲಗಿಸಿ ಬರೇ ಲೋಕಲ್ ಅರವಳಿಕಿ ಕೊಟ್ಟು ಮಾತಾಡ್ಸ್ಕೋತ ಮಾಡ್ದೆ. ಎಡಗಡಿ ಪೆಡಿಕಲ್‌ದ ಗಡಿಯಾರದ ಹತ್ತು ಗಂಟೆ ಜಾಗಕ್ಕ ಎಲುಬಿನ್ಯಾಗ ಇಳಿಸೋ ಜಮ್‌ಶೀದಿ ಸೂಜಿ ಮುಟ್ಟಿಸಿ, ಸಣ್ಣ ಸುತ್ತಿಗಿಲಿಂದ ಸ್ವಲ್ಪ ಸ್ವಲ್ಪ ಬಡ್ಕೋತ, ಒಂದು ಎಪಿ ಒಂದು ಲ್ಯಾಟರಲ್. ಸೂಜಿ ಕೈಲಿ ಹಿಡ್ಕೊಂಡು ಎಕ್ಸ್‌ರೇ ಹೊಡೀಬ್ಯಾಡ್ರಿ, ಚಿಮಟಿಲಿಂದ ಹಿಡೀರಿ, ಲ್ಯಾಟರಲ್‌ದಾಗ ಎಕ್ಸ್‌ರೇ ಹೊರಡೋ ಟ್ಯೂಬ್ ಇರೋ ಬಾಜು ನಿಲ್ಲಬ್ಯಾಡ್ರಿ, ಚದುರೋ ಕಿರಣ ಅಲ್ಲೇ ಜಾಸ್ತಿ. "ಆಯಿ, ಕಾಲಿಗಿ ಏನರ ಹರದಂಗ ಆಗ್ತದೇನು?" "ಇಲ್ಲೋ ಯಪ್ಪಾ, ಬಡಿಯೋದು ಅಷ್ಟೇ ಗೊತ್ತಾಗ್ತದ."

ಸಿಮೆಂಟ್ ವಿಷಯಕ್ಕ ನಮ್ ಊರಿನ ಬಿಸಲು ಲೆಕ್ಕಕ್ಕ ಹಿಡೀಬೇಕು. ರೂಮ್ ಬೆಚ್ಚಗಿದ್ರ ಲಗೂನೇ ಗಟ್ಟಿ ಆಗ್ತದ, ಅದ್ಕ ಎಸಿ ಮೊದ್ಲೇ ಹಾಕ್ಸಿ ರೂಮ್ ತಂಪ ಮಾಡಿರ್ತೀನಿ. ಟೂತ್‌ಪೇಸ್ಟ್ ಹದಕ್ಕ ಬಂದ ಮ್ಯಾಲೇ ಒಳಗ ಬಿಡೋದು, ನೀರ ನೀರ ಇದ್ದಾಗ ಬಿಟ್ರ ರಕ್ತನಾಳಕ್ಕ ಹರೀತದ, ಶ್ವಾಸಕೋಶದತನಕ ಹೋಗ್ಬಹುದು. ಲ್ಯಾಟರಲ್ ನೋಡ್ಕೋತ ಮೂರು ಎಮ್‌ಎಲ್ ಬಿಟ್ಟೆ, ಹಿಂದಿನ ಗ್ವಾಡಿ ಹತ್ರ ಬರ್ಲಾಕತ್ತಿದ ಕೂಡ್ಲೇ ನಿಲ್ಲಿಸ್ದೆ. ಇನ್ನಾ ತುಂಬ್ಬೇಕಂತ ಆಸೆ ಆಗ್ತದ, ಮಾಡಬಾರ್ದು.

ಸಂಜಿಗಿ ಆಯಿ ಮಗ್ಗಲಾಗಿ ತಾನೇ ಎದ್ದು ಕುಂತ್ಲು. ಎಲುಬು ಸವಕಳಿಗಿ ಔಷಧಿ ಶುರು ಮಾಡಿ, ಬಗ್ಗಿ ಕೊಡ ಎತ್ತಬ್ಯಾಡ ಅಂದೆ, ಬಚ್ಚಲದಾಗ ಹಿಡ್ಕೊಳ್ಳಾಕ ಪೈಪ್ ಹಾಕ್ಸು ಅಂತ ಮಗಗ ಹೇಳ್ದೆ. ಮುಂದಿನ ವಾರ ತೋರಿಸ್ಲಾಕ ಬಂದಾಗ ಹಾಕ್ಸೀನಿ ಅಂತ ಫೋಟೋ ತೋರಿಸ್ದ.