ಆಲೆಮನೆ ಮೋಟರಿಗೆ ನಾನು ರೆಸಿಸ್ಟರ್ ಆರಿಸಿದ್ದು

ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಗಾಣ ತಿರುಗಿಸುವುದು 10 ಎಚ್‌ಪಿ ತ್ರೀ ಫೇಸ್ ಮೋಟರ್. ಒಂದೇ ಹಂಗಾಮಿನಲ್ಲಿ ಅದರ ವೈಂಡಿಂಗ್ ಎರಡು ಸಲ ಸುಟ್ಟುಹೋಯಿತು. ಮೋಟರ್ ರಿಪೇರಿಗೆ ಹೋದರೆ ಕಡಿದು ತಂದ ಕಬ್ಬು ಅಂಗಳದಲ್ಲೇ ಒಣಗುತ್ತದೆ. ಗಾಣಕ್ಕೆ ಕಬ್ಬು ಕೊಡುವ ಚಿಕ್ಕಪ್ಪ ಒಂದು ಮಾತು ಹೇಳಿದರು: "ಕಬ್ಬು ಜಾಸ್ತಿ ಸಿಕ್ಕಾಕೊಂಡ್ರೆ ಮೋಟರ್ ಸದ್ದೇ ಬದಲಾಗ್ತದೆ ಕಣಪ್ಪ. ಆಗ ಎಷ್ಟು ಕರೆಂಟ್ ಎಳೀತದೆ, ನೋಡು."

ಆ ಕರೆಂಟನ್ನು ದಿನವಿಡೀ ಅಳೆದು ಬರೆದಿಡುವ ಒಂದು ಸಣ್ಣ ಬೋರ್ಡ್ ಮಾಡಬೇಕೆಂದು ಕೂತೆ. ನನ್ನ ಡಬ್ಬಿಯಲ್ಲಿ 0.1 ಓಮ್, 5 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಇತ್ತು. ಲೈನಿನಲ್ಲಿ ಸೇರಿಸಿ ಅದರ ಮೇಲಿನ ವೋಲ್ಟೇಜ್ ನೋಡಿದರೆ ಸಾಕಲ್ವಾ ಅನ್ನಿಸಿತು. ಆದರೆ ಲೆಕ್ಕ ಬೇರೆಯೇ ಹೇಳಿತು. ಮೋಟರ್ ಆರಾಮಾಗಿ ಓಡುವಾಗ ಸುಮಾರು 14 ಆಂಪ್ಸ್. ಅಷ್ಟಕ್ಕೇ ಆ ರೆಸಿಸ್ಟರಿನಲ್ಲಿ 20 ವ್ಯಾಟ್ ಬಿಸಿ. ಮೋಟರಿಗೆ ಲೈನನ್ನು ನೇರವಾಗಿ ಕೊಡುವ ಡಿಒಎಲ್ ಸ್ಟಾರ್ಟರ್ ಒತ್ತಿದ ಕ್ಷಣದಲ್ಲಿ ಕರೆಂಟ್ ಆರು ಪಟ್ಟು, ಅಂದರೆ 84 ಆಂಪ್ಸ್. ಆಗ 700 ವ್ಯಾಟ್! ವಾಪಸ್ ಡಬ್ಬಿಗೆ ಹಾಕಿದೆ.

100 ಆಂಪ್ಸ್‌ಗೆ 75 ಮಿಲಿವೋಲ್ಟ್ ಕೊಡುವ ಶಂಟ್, ಅಂದರೆ ತೀರಾ ಕಡಿಮೆ ಓಮ್‌ನ ರೆಸಿಸ್ಟರ್ ಸಿಗುತ್ತದೆ. ಅದು 0.75 ಮಿಲಿಓಮ್ ಅಷ್ಟೇ, ತುಂಬು ಕರೆಂಟಿಗೂ 7.5 ವ್ಯಾಟ್. ಬಿಸಿಯ ತೊಂದರೆ ತಪ್ಪಿತು. ಆದರೆ ಶಂಟ್ ಕೂತಿರುವುದು 415 ವೋಲ್ಟ್ ಲೈನಿನಲ್ಲಿ. ಅದಕ್ಕೆ ನೇರವಾಗಿ ಜೋಡಿಸಿದ ಬೋರ್ಡೂ, ಬೋರ್ಡಿಗೆ ಚುಚ್ಚಿದ ಲ್ಯಾಪ್‌ಟಾಪೂ ಲೈವ್ ಆಗುತ್ತವೆ, ಮುಟ್ಟಿದರೆ ಶಾಕ್. ನೆಲವೆಲ್ಲ ಕಬ್ಬಿನ ಹಾಲು ಚೆಲ್ಲಿ ಒದ್ದೆಯಾಗಿರುವ ಕಡೆ ಅದು ಬೇಡವೇ ಬೇಡ.

ಹಾಗಾಗಿ ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್ ತಂದೆ. ಬಾಯಿ ಬಿಚ್ಚಿ ವೈರಿನ ಸುತ್ತ ಕಚ್ಚಿಸುವ ಬಗೆಯದು. 100 ಆಂಪ್ಸ್‌ಗೆ 50 ಮಿಲಿಆಂಪ್ಸ್ ಕೊಡುತ್ತದೆ. ಬೋರ್ಡ್ ಓದುವುದು ವೋಲ್ಟೇಜನ್ನು, ಹಾಗಾಗಿ ಆ ಸಣ್ಣ ಕರೆಂಟನ್ನು ಒಂದು ರೆಸಿಸ್ಟರಿನಲ್ಲಿ ಹರಿಸಬೇಕು. ಒಂದೇ ಫೇಸಿನ ವೈರಿಗೆ ಹಾಕಬೇಕು. ಮೂರನ್ನೂ ಸೇರಿಸಿ ಕಚ್ಚಿಸಿದರೆ ಒಂದರ ಕರೆಂಟ್ ಇನ್ನೊಂದನ್ನು ಕಳೆದು ಸೊನ್ನೆ ತೋರಿಸುತ್ತದೆ. ಕೊಳ್ಳುವಾಗ ಮೈಮೇಲಿನ ಅಕ್ಷರ ಓದಿ. 'ಇಷ್ಟು ಆಂಪ್ಸ್‌ಗೆ 1 ವೋಲ್ಟ್' ಎಂದಿದ್ದರೆ ರೆಸಿಸ್ಟರ್ ಒಳಗೇ ಇದೆ, ನಾವು ಇನ್ನೊಂದು ಹಾಕಬಾರದು. ನನ್ನದರಲ್ಲಿ ಇರಲಿಲ್ಲ.

ಮೊದಲು 100 ಓಮ್ ಹಾಕಿದೆ. ವೋಲ್ಟೇಜ್ ಜಾಸ್ತಿ ಬಂದರೆ ಓದಲು ಸುಲಭ ಅಂತ ನನ್ನ ಎಣಿಕೆ. 14 ಆಂಪ್ಸ್‌ನಲ್ಲಿ ವೈರಿಗೆ ಕಚ್ಚಿಸಿ ಕರೆಂಟ್ ನೋಡುವ ಕ್ಲಾಂಪ್ ಮೀಟರಿಗೂ ನನ್ನ ಬೋರ್ಡಿಗೂ ಸರಿಯಾಗಿ ತಾಳೆಯಾಯಿತು. ಕಬ್ಬು ಸಿಕ್ಕಿಕೊಂಡಾಗ ಮಾತ್ರ ಕ್ಲಾಂಪ್ ಮೀಟರಿನಲ್ಲಿ 44, ನನ್ನದರಲ್ಲಿ 40. ಸ್ಟಾರ್ಟಿಂಗಿನಲ್ಲಂತೂ ತಾಳಮೇಳವೇ ಇಲ್ಲ. ಬೋರ್ಡ್ 5 ವೋಲ್ಟಿನದು, ಎಸಿ ಅಲೆ ಮೇಲೂ ಕೆಳಗೂ ಹೋಗಬೇಕಾದ್ದರಿಂದ ನಡುವಿನ 2.5ರಲ್ಲಿ ಕೂರಿಸಿದ್ದೆ. 35 ಆಂಪ್ಸ್ ದಾಟಿದ ಕೂಡಲೇ ಅಲೆಯ ತಲೆ ಕತ್ತರಿಸಿ ಹೋಗುತ್ತಿತ್ತು. ಮೀಟರ್ ತೋರಿಸುವುದು ಆರ್‌ಎಂಎಸ್, ಅಂದರೆ ಅಲೆಯ ಒಂದು ಬಗೆಯ ಸರಾಸರಿ, ಅಲೆಯ ತುದಿ ಅದರ 1.414 ಪಟ್ಟು. ನಾನು ಆ ತುದಿಯನ್ನು ಲೆಕ್ಕಕ್ಕೆ ತಂದಿರಲಿಲ್ಲ.

ಆಮೇಲೆ ತಿರುಗಿಸಿ ಲೆಕ್ಕ ಹಾಕಿದೆ. 100 ಆಂಪ್ಸ್‌ಗೆ ತುದಿ 141. ಸಿಟಿಯಿಂದ ಹೊರಬರುವುದು 70.7 ಮಿಲಿಆಂಪ್ಸ್. 2.5 ವೋಲ್ಟನ್ನು ಅದರಿಂದ ಭಾಗಿಸಿದರೆ 35 ಓಮ್. 3.3 ವೋಲ್ಟ್ ಬೋರ್ಡಾಗಿದ್ದರೆ ಅದರ ಅರ್ಧ 1.65ಕ್ಕೆ 23 ಬರುತ್ತದೆ, 22 ಹಾಕಬಹುದು. ನಾನು 35ಕ್ಕಿಂತ ಕೆಳಗೆ ಅಂಗಡಿಯಲ್ಲಿ ಸಿಗುವ 33 ಹಾಕಬೇಕಿತ್ತು, ಹಾಕಲಿಲ್ಲ. 68 ಓಮ್‌ನ ಎರಡನ್ನು ಪ್ಯಾರಲಲ್ ಆಗಿ ಬೆಸುಗೆ ಹಾಕಿದೆ, 34 ಆಯಿತು. ಕಾರಣ ಇದೆ. ಆಲೆಮನೆಯಲ್ಲಿ ಎಲ್ಲವೂ ಅದುರುತ್ತದೆ. ಇದ್ದ ಒಂದೇ ರೆಸಿಸ್ಟರಿನ ಕಾಲು ಬಿಟ್ಟುಕೊಂಡರೆ ಸಿಟಿಯಿಂದ ಹೊರಬರುವ ತಂತಿಯ ತುದಿಗಳು ತೆರೆದಂತೆ, ಕರೆಂಟ್ ಹರಿಯುವಾಗ ಅಲ್ಲಿ ವೋಲ್ಟೇಜ್ ಅಪಾಯದ ಮಟ್ಟಕ್ಕೆ ಏರಬಹುದು. ಎರಡಿದ್ದರೆ ಒಂದು ಬಿಟ್ಟರೂ ಲೆಕ್ಕ ಎರಡು ಪಟ್ಟಾಗಿ ಕಾಣುತ್ತದೆ, ನಮಗೆ ಗೊತ್ತಾಗುತ್ತದೆ.

ಎರಡೂ 1 ಪರ್ಸೆಂಟ್‌ನ ಮೆಟಲ್ ಫಿಲ್ಮ್, ಕಾಲು ವ್ಯಾಟ್. ತಲಾ 0.05 ವ್ಯಾಟೂ ಬೀಳುವುದಿಲ್ಲ, ಕೊಪ್ಪರಿಗೆಯ ಪಕ್ಕದ ಸೆಕೆಯಲ್ಲೂ ಬೆಲೆ ಅಲುಗಿಲ್ಲ. ಸಿಟಿ ಕಚ್ಚಿಸುವ ಮುಂಚೆ ಮೇನ್ ಆಫ್ ಮಾಡಿ, ರೆಸಿಸ್ಟರ್ ಕೂತಿದೆಯಾ ಅಂತ ಮೀಟರಿನಲ್ಲಿ 34 ನೋಡಿಯೇ ಮುಟ್ಟುತ್ತೇನೆ.

ಈಗ 20 ಆಂಪ್ಸ್ ದಾಟಿ ಮೂರು ಸೆಕೆಂಡ್ ಆದರೆ ಬಜರ್ ಕೂಗುತ್ತದೆ. ಮೊದಲ ದಿನ ಅದು ಕೂಗುವಷ್ಟರಲ್ಲಿ ಚಿಕ್ಕಪ್ಪ ಸದ್ದು ಕೇಳಿಯೇ ಕಬ್ಬು ಹಿಂದಕ್ಕೆಳೆದಿದ್ದರು.